ಲಂಡನ್ನಿನ ಈ ಟ್ಯೂಬ್ ಲೈನ್ ಅರ್ಧಕ್ಕೇ ನಿಂತಿದ್ದು ಯಾಕೆ?

[ದೃಶ್ಯ: ಹೆದ್ದಾರಿ ಪಕ್ಕದ ಬಯಲು, ಪೊದೆಗಳ ನಡುವೆ ಇಟ್ಟಿಗೆಯ ಮೋಟು ಕಂಬಗಳು]

ನಮಸ್ಕಾರ. ಈ ಕಂಬಗಳನ್ನು ನೋಡಿ. ಯಾವುದೋ ಹಳೇ ಕೋಟೆ ಅಂದುಕೊಂಡರೆ, ಅಲ್ಲ. ಲಂಡನ್ನಿನ ಉತ್ತರ ಅಂಚಿನಲ್ಲಿ ಎಡ್ಜ್‌ವೇರ್ ಅಂತ ಒಂದು ಸ್ಟೇಷನ್ ಇದೆ. ಟ್ಯೂಬ್ ಅಂದರೆ ಲಂಡನ್ನಿನ ಮೆಟ್ರೋ; ಅದರ ನಾರ್ದರ್ನ್ ಲೈನ್‌ನ ಒಂದು ಕವಲು ಅಲ್ಲಿಗೆ ಮುಗಿಯುತ್ತದೆ. ಅದರಾಚೆ ಬ್ರಾಕ್ಲಿ ಹಿಲ್ ಎಂಬ ಸ್ಟೇಷನ್ ಬರಬೇಕಿತ್ತು. ಅದಕ್ಕಾಗಿ ಕಟ್ಟತೊಡಗಿದ್ದ ಮೇಲ್ಸೇತುವೆಯಲ್ಲಿ ಉಳಿದಿರುವುದು ಇಷ್ಟೇ.

[ನಕ್ಷೆ: ಎಡ್ಜ್‌ವೇರ್‌ನಿಂದ ಬುಶಿ ಹೀತ್‌ವರೆಗೆ ಚುಕ್ಕೆ ಗೆರೆ]

1935ರಲ್ಲಿ ಲಂಡನ್ ಸಾರಿಗೆ ಮಂಡಳಿ ದೊಡ್ಡದೊಂದು ಯೋಜನೆ ಹಾಕಿಕೊಂಡಿತು. ಉತ್ತರದ ಹಳೇ ಉಗಿಬಂಡಿ ಮಾರ್ಗಗಳನ್ನು ಕರೆಂಟ್‌ಗೆ ಬದಲಿಸಿ ಟ್ಯೂಬ್‌ಗೆ ಸೇರಿಸುವುದು. ಜೊತೆಗೆ ಎಡ್ಜ್‌ವೇರ್‌ನಿಂದ ಮುಂದಕ್ಕೆ ಹೊಸ ಹಳಿ, ಮೂರು ಹೊಸ ಸ್ಟೇಷನ್: ಬ್ರಾಕ್ಲಿ ಹಿಲ್, ಎಲ್‌ಸ್ಟ್ರೀ ಸೌತ್, ಬುಶಿ ಹೀತ್.

ಆಗ ಅಲ್ಲಿ ಬಹುತೇಕ ಹೊಲ, ತೋಟ. ಜನರೇ ಇಲ್ಲದ ಕಡೆ ರೈಲು ಯಾರಿಗೆ? ಇದೇ ಮುಖ್ಯ ವಿಷಯ. 1924ರಲ್ಲಿ ಎಡ್ಜ್‌ವೇರ್‌ಗೆ ಟ್ಯೂಬ್ ಬಂದಾಗಲೂ ಸುತ್ತ ಹೊಲಗಳೇ ಇದ್ದವು. ರೈಲು ಬಂದಮೇಲೆ ಬಿಲ್ಡರ್‌ಗಳು ಬಂದರು, ಸಾಲು ಸಾಲು ಮನೆ ಎದ್ದವು, ಮನೆಯವರೆಲ್ಲ ಪಾಸ್ ಮಾಡಿಸಿಕೊಂಡು ಕೆಲಸಕ್ಕೆ ಹೊರಟರು. ಮೆಟ್ರೋ ಸುದ್ದಿ ಕೇಳಿದ ಕೂಡಲೇ ಬೆಂಗಳೂರಿನಲ್ಲಿ ಸೈಟ್ ರೇಟು ಏರುತ್ತದಲ್ವಾ, ಅದೇ ಲೆಕ್ಕ. ಬುಶಿ ಹೀತ್ ಲೈನಿನ ಆದಾಯವೆಲ್ಲ ಇನ್ನೂ ಕಟ್ಟದ ಮನೆಗಳ ಮೇಲೆ ನಿಂತಿತ್ತು.

1939ರಲ್ಲಿ ಯುದ್ಧ ಶುರುವಾಯಿತು. ತುಂಬಾ ಮುಂದುವರಿದಿದ್ದ ಕೆಲಸ ಮಾತ್ರ ಮುಗಿಸಿದರು. 1940ರಲ್ಲಿ ಹಳೇ ಉಗಿಬಂಡಿ ಮಾರ್ಗದ ಹೈ ಬಾರ್ನೆಟ್‌ಗೆ ಟ್ಯೂಬ್ ಬಂತು. 1941ರಲ್ಲಿ ಮಿಲ್ ಹಿಲ್ ಈಸ್ಟ್‌ಗೂ ಬಂತು, ಕಾರಣ ಅಲ್ಲಿದ್ದ ಸೈನಿಕರ ಬ್ಯಾರಕ್ಸ್. ಅಲ್ಲಿಂದ ಎಡ್ಜ್‌ವೇರ್ ಸೇರಬೇಕಿದ್ದ ತುಂಡು ಹಾಗೇ ಉಳಿಯಿತು. ಮಿಲ್ ಹಿಲ್ ಈಸ್ಟ್ ಇವತ್ತಿಗೂ ಒಂದೇ ಹಳಿಯ, ಒಂದೇ ಸ್ಟೇಷನ್ನಿನ ಕವಲು.

[ದೃಶ್ಯ: ಆಲ್ಡನಮ್ ಶೆಡ್‌ನ ಹಳೇ ಫೋಟೋ]

ಆಲ್ಡನಮ್ ಕಥೆ ಇನ್ನೂ ಮಜಾ. ಹೊಸ ಲೈನಿನ ರೈಲುಗಳಿಗೆ ಅಂತ ಕಟ್ಟಿದ ಶೆಡ್ ಅದು. ಯುದ್ಧದಲ್ಲಿ ಅಲ್ಲಿ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನ ತಯಾರಾದವು. ಯುದ್ಧ ಮುಗಿದ ಮೇಲೆ ಲಂಡನ್ನಿನ ಕೆಂಪು ಬಸ್‌ಗಳನ್ನು ಬಿಚ್ಚಿ ರಿಪೇರಿ ಮಾಡುವ ವರ್ಕ್‌ಶಾಪ್ ಆಯಿತು, 1986ರವರೆಗೂ ನಡೆಯಿತು. ವಿಮಾನ ಆಯಿತು, ಬಸ್ ಆಯಿತು, ಟ್ಯೂಬ್ ರೈಲು ಮಾತ್ರ ಆ ಕಡೆ ತಲೆ ಹಾಕಲಿಲ್ಲ!

ಸರಿ, ಯುದ್ಧ ಮುಗಿದ ಮೇಲಾದರೂ ಕೆಲಸ ಮುಂದುವರಿಸಬಹುದಿತ್ತಲ್ಲ? ಸುಮ್ನೆ ಯುದ್ಧದ ಮೇಲೆ ಗೂಬೆ ಕೂರಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಟ್ಯೂಬ್‌ನ ಇನ್ನೊಂದು ಮಾರ್ಗವಾದ ಸೆಂಟ್ರಲ್ ಲೈನ್‌ಗೂ ಯುದ್ಧ ಅಡ್ಡ ಬಂದಿತ್ತು. ಆದರೆ 1946ರಿಂದ ಅದರ ವಿಸ್ತರಣೆ ಒಂದೊಂದೇ ತುಂಡಾಗಿ ಓಡತೊಡಗಿತು.

ವ್ಯತ್ಯಾಸ ಇರುವುದು ನೆಲದಲ್ಲಿ. ನಗರ ಎಗ್ಗಿಲ್ಲದೆ ಹರಡಬಾರದು ಅಂತ ಲಂಡನ್ ಸುತ್ತ ಹಸಿರು ಪಟ್ಟಿ ಕಾಯ್ದಿಡಲು 1938ರಲ್ಲೇ ಕಾನೂನು ಬಂದಿತ್ತು. 1947ರ ಯೋಜನಾ ಕಾಯ್ದೆ ಅದಕ್ಕೆ ಹಲ್ಲು ಕೊಟ್ಟಿತು. ಎಡ್ಜ್‌ವೇರ್ ಆಚೆಯ ಜಮೀನು ಆ ಪಟ್ಟಿಯೊಳಗೆ ಬಿತ್ತು. ಮನೆ ಕಟ್ಟುವಂತಿಲ್ಲ ಅಂದಮೇಲೆ ಪಾಸ್ ತೆಗೆದುಕೊಳ್ಳುವವರು ಯಾರು? 1950ರಲ್ಲಿ ಬುಶಿ ಹೀತ್ ಲೈನನ್ನು ಕೈಬಿಟ್ಟರು. ಸೆಂಟ್ರಲ್ ಲೈನ್‌ಗೂ ಪಶ್ಚಿಮದಲ್ಲಿ ಇದೇ ಬಿಸಿ ತಟ್ಟಿತು: ಡೆನಮ್‌ವರೆಗೆ ಹೋಗಬೇಕಿದ್ದದ್ದು ವೆಸ್ಟ್ ರೈಸ್ಲಿಪ್‌ಗೇ ನಿಂತಿತು.

ಅದೇ ಯೋಜನೆಯಲ್ಲಿ ಟ್ಯೂಬ್‌ಗೆ ಸೇರಬೇಕಿದ್ದ ಇನ್ನೊಂದು ಹಳೇ ಉಗಿಬಂಡಿ ಮಾರ್ಗ, ಅಲೆಕ್ಸಾಂಡ್ರಾ ಪ್ಯಾಲೇಸ್ ಕವಲಿನದು ಬೇರೆ ಕಥೆ. ಅಲ್ಲಿ ಮನೆಗಳು ಬೇಕಾದಷ್ಟಿದ್ದವು. ಕರೆಂಟ್ ಬರಲೇ ಇಲ್ಲ, ಜನ ಬಸ್ ಹತ್ತಿದರು, 1954ರಲ್ಲಿ ಪ್ರಯಾಣಿಕರ ರೈಲು ನಿಂತಿತು. ನನ್ನನ್ನು ಕೇಳಿದರೆ, ಬುಶಿ ಹೀತ್ ಬಿಟ್ಟಿದ್ದು ಸರಿ. ಇದನ್ನು ಬಿಟ್ಟಿದ್ದೇ ನಷ್ಟ.

[ದೃಶ್ಯ: ಮರಗಳ ನಡುವಿನ ಕಾಲುದಾರಿ]

ಲಂಡನ್ನಿನಲ್ಲಿರುವ ಕನ್ನಡದವರು ಫಿನ್ಸ್‌ಬರಿ ಪಾರ್ಕ್‌ನಿಂದ ಹೈಗೇಟ್ ಕಡೆಗೆ ಪಾರ್ಕ್‌ಲ್ಯಾಂಡ್ ವಾಕ್‌ನಲ್ಲಿ ನಡೆದು ನೋಡಿ. ನಿಮ್ಮ ಕಾಲ ಕೆಳಗಿರುವುದೇ ಆ ಹಳಿಯ ದಾರಿ. ಹೈಗೇಟ್ ಬಳಿಯ ಸುರಂಗಗಳ ಒಳಗೆ ಮಾತ್ರ ಬಿಡುವುದಿಲ್ಲ. ಅವು ಈಗ ಬಾವಲಿಗಳಿಗೆ ಮೀಸಲು.