ಪಿತ್ತನಾಳದ ಸ್ಟೆಂಟಿಗೂ ಒಂದು ತಾರೀಖು ಇದೆ

ವೇದಿಕೆಯ ಮೇಲಿನ ಹಿರಿಯರಿಗೆ, ವೈದ್ಯಮಿತ್ರರಿಗೆ, ರೋಗಿಗಳ ಜೊತೆಗೆ ಬಂದಿರುವ ಮನೆಯವರಿಗೆ ನಮಸ್ಕಾರ. ಸಂಘಟಕರು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ವಿಜಯಪುರದಲ್ಲಿ ಸ್ವಾಗತ ಭಾಷಣಕ್ಕೇ ಅಷ್ಟು ಸಾಲುವುದಿಲ್ಲ, ಆದರೂ ಒಪ್ಪಿಕೊಂಡಿದ್ದೇನೆ. ಇವತ್ತಿನ ಮಾತು, ಕಟ್ಟಿಕೊಂಡ ಪಿತ್ತನಾಳದೊಳಗೆ ಪಿತ್ತ ಹರಿಯಲೆಂದು ಇಡುವ ಸ್ಟೆಂಟ್ ಎಂಬ ಸಣ್ಣ ನಳಿಕೆಯ ಬಗ್ಗೆ.

ಕಾಮಣಿ ಎಂದರೆ ನಮ್ಮಲ್ಲಿ ಮೊದಲು ಎಲೆಯ ರಸ. ವೈರಸ್ಸಿನಿಂದ ಬಂದ ಕಾಮಣಿ ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ರಸ ಕೊಟ್ಟವರಿಗೆ. ಆದರೆ ಕಣ್ಣು ಹಳದಿಯಾಗಿರುವ ಜೊತೆಗೆ ರಾತ್ರಿಯೆಲ್ಲ ಮೈ ತುರಿಕೆ, ಕಡುಬಣ್ಣದ ಮೂತ್ರ, ಬಿಳಿಚಿದ ಮಲ ಇದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂಬ ಸಂಶಯ ಬರಬೇಕು. ಕಲ್ಲು ಸಿಕ್ಕಿರಬಹುದು, ಹಿಂದಿನ ಶಸ್ತ್ರಚಿಕಿತ್ಸೆಯ ಗಾಯದಿಂದ ನಾಳ ಕುಗ್ಗಿರಬಹುದು, ಗಡ್ಡೆ ಒತ್ತಿರಬಹುದು. ಅಂಥ ನಾಳವನ್ನು ಯಾವ ರಸವೂ ತೆರೆಯುವುದಿಲ್ಲ.

1979ರವರೆಗೆ ಅಂಥ ನಾಳದಲ್ಲಿ ನಳಿಕೆ ಇಡಬೇಕೆಂದರೆ ಹೊಟ್ಟೆ ಕೊಯ್ಯಬೇಕಿತ್ತು, ಇಲ್ಲವೇ ಪಕ್ಕೆಯಿಂದ ಸೂಜಿ ಹಾಕಬೇಕಿತ್ತು. ಆ ವರ್ಷ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಿಬ್ ಸೊಹೆಂದ್ರ ಎಂಬ ವೈದ್ಯರು ಬಾಯಿಯ ಮೂಲಕ ಎಂಡೋಸ್ಕೋಪ್ ಎಂಬ ಒಳಗನ್ನು ನೋಡುವ ಕೊಳವೆ ಇಳಿಸಿ ಪಿತ್ತನಾಳದಲ್ಲಿ ಪ್ಲಾಸ್ಟಿಕ್ ನಳಿಕೆ ಕೂರಿಸಿದರು. ಇಂದಿಗೂ ದಾರಿ ಅದೇ. ಪಕ್ಕಕ್ಕೆ ನೋಡುವ ಎಂಡೋಸ್ಕೋಪ್ ಸಣ್ಣಕರುಳಿನ ಆರಂಭಕ್ಕೆ ಹೋಗುತ್ತದೆ. ನಾಳದ ಬಾಯೊಳಗೆ ತಂತಿ ತೂರಿಸುತ್ತೇವೆ, ಎಕ್ಸ್‌ರೇ ಪರದೆಯ ಮೇಲೆ ಕಣ್ಣಿಟ್ಟು ತಂತಿಯ ಮೇಲೆ ಸ್ಟೆಂಟ್ ತಳ್ಳುತ್ತೇವೆ. ಅದು ದಾಟಿದ ಕೂಡಲೇ ಕಪ್ಪುಹಸಿರು ಪಿತ್ತ ಕರುಳಿಗೆ ಹರಿಯುತ್ತದೆ. ವರ್ಷಗಳಿಂದ ನೋಡುತ್ತಿದ್ದರೂ ಆ ಗಳಿಗೆಯ ಖುಷಿ ನನಗೆ ಹಳೆಯದಾಗಿಲ್ಲ.

ತೊಂದರೆ ಶುರುವಾಗುವುದು ರೋಗಿ ಗುಣವಾದ ಮೇಲೆ. ಪ್ಲಾಸ್ಟಿಕ್ ಸ್ಟೆಂಟಿನ ದಪ್ಪ ಸಾಮಾನ್ಯವಾಗಿ 3.3 ಮಿಲಿಮೀಟರಿನೊಳಗೆ, ಒಳದಾರಿ ಇನ್ನೂ ಸಣ್ಣದು. ಬ್ಯಾಕ್ಟೀರಿಯಾ ಅಂಟಿಕೊಂಡು ಗಸಿ ಕಟ್ಟುತ್ತದೆ. ಸುಮಾರು ಮೂರು ತಿಂಗಳಿಗೆ ಬದಲಿಸಬೇಕು ಅಥವಾ ತೆಗೆಯಬೇಕು. ತಾರೀಖು ಕಾರ್ಡಿನಲ್ಲಿ ಬರೆದಿರುತ್ತೇವೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಆಗಸ್ಟ್‌ನಲ್ಲಿ ಸ್ಟೆಂಟ್ ಹಾಕಿದ್ದೆವು. ನವೆಂಬರಿಗೆ ಬರಬೇಕಿತ್ತು. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟನಿ, ಆಮೇಲೆ ಔಷಧಿ ಸಿಂಪಡಣೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಅನಂತರ ಕಟಾವು, ಒಣದ್ರಾಕ್ಷಿ ಶೆಡ್ಡು. ಊಟ ಸೇರುತ್ತಿತ್ತು, ಕಣ್ಣು ಬಿಳಿಯಾಗಿತ್ತು, ಆಸ್ಪತ್ರೆ ಯಾರಿಗೆ ನೆನಪಾಗುತ್ತದೆ? ಏಪ್ರಿಲಿನಲ್ಲಿ ಗಡಗಡ ನಡುಗುವ ಚಳಿಜ್ವರದಲ್ಲಿ ಹೊತ್ತು ತಂದರು. ಕಾರ್ಡ್ ಎಲ್ಲಿ ಎಂದು ಕೇಳಿದರೆ ಮನೆಯಾಕೆ ಸೆರಗಿನಿಂದ ತೆಗೆದು ಕೊಟ್ಟರು. ದೇವರ ಜಗಲಿಯ ಮೇಲೆ ಇಟ್ಟಿದ್ದರಂತೆ. ತಾರೀಖಿನ ಮೇಲೆಯೇ ಕುಂಕುಮ.

ಬದಲಿಸಿ ತೆಗೆದ ಹಳೆಯ ಸ್ಟೆಂಟನ್ನು ಮರುದಿನ ಅವರಿಗೆ ತೋರಿಸಿದೆ. ಎರಡೂ ಬಾಯಿಗೆ ಕಂದು ಗಸಿ ಮೆತ್ತಿತ್ತು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಸಾಹೇಬರೇ, ನಮ್ಮ ಡ್ರಿಪ್ ಪೈಪಿನಲ್ಲಿಯೂ ಹೀಗೇ ಉಪ್ಪು ಕಟ್ಟುತ್ತದೆ. ನಾವು ಆಸಿಡ್ ಬಿಡುತ್ತೇವೆ. ನಿಮ್ಮಲ್ಲಿ ಅಂಥದ್ದು ಇಲ್ಲವೇ?”

ನೀವು ನಗುತ್ತಿದ್ದೀರಿ, ಆದರೆ ಸಂಶೋಧಕರೂ ಇದೇ ಹಾದಿ ಹಿಡಿದಿದ್ದರು. ಪಿತ್ತ ತೆಳುವಾಗಿಸುವ ಮಾತ್ರೆ, ಆಂಟಿಬಯೋಟಿಕ್ ಎರಡನ್ನೂ ಪರೀಕ್ಷಿಸಿದರು, ನೆಚ್ಚಿಕೊಳ್ಳುವಂಥ ಫಲ ಸಿಗಲಿಲ್ಲ. ಹಾಗಾಗಿ ಮತ್ತೆ ತಾರೀಖಿಗೇ ಬರುತ್ತೇನೆ. ಯಜಮಾನರು ಮರೆಯುತ್ತಾರೆ, ಮಗನ ಮೊಬೈಲಿನಲ್ಲಿ ಅಲಾರಂ ಇಡಿಸಿ. ವೈದ್ಯಮಿತ್ರರೇ, ಸ್ಟೆಂಟ್ ಹಾಕಿಸಿಕೊಂಡವರ ಪಟ್ಟಿ ಇಟ್ಟು ನಾವೂ ಫೋನ್ ಮಾಡಬೇಕು. ಸಾಲದ ಕಂತಿಗೆ ಫೋನ್ ಬರುತ್ತದೆ, ಸ್ಟೆಂಟಿಗೆ ಏಕೆ ಬರಬಾರದು?

ಚೀಟಿ ಬಂತು, ಬೇಗ ಹೇಳಿಬಿಡುತ್ತೇನೆ. ಲೋಹದ ಸ್ಟೆಂಟ್ ಒಳಗೆ ಹೋಗಿ 8ರಿಂದ 10 ಮಿಲಿಮೀಟರಿನಷ್ಟು ಅರಳುತ್ತದೆ, ಹೆಚ್ಚು ದಿನ ಬಾಳುತ್ತದೆ, ದುಬಾರಿ. ಗಡ್ಡೆಯಿದ್ದವರಿಗೆ ಹೆಚ್ಚಾಗಿ ಅದೇ. ಮೇದೋಜೀರಕ ಗ್ರಂಥಿಗೆ ಊತ ಬರುವ ಅಪಾಯ ಎಂಡೋಸ್ಕೋಪ್ ಇಳಿಸಿ ಮಾಡುವ ಈ ಚಿಕಿತ್ಸೆಗಿದೆ, ಸಹಿ ಹಾಕುವ ಮುಂಚೆ ಕೇಳಿ ತಿಳಿದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಉಳಿದದ್ದನ್ನು ಚಹಾ ಕುಡಿಯುತ್ತ ಮಾತಾಡೋಣ, ಒಂದನ್ನು ಬಿಟ್ಟು: ಸ್ಟೆಂಟ್ ಇದ್ದವರಿಗೆ ನಡುಕದ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ. ರಾತ್ರಿ ಎರಡಾಗಿದ್ದರೂ ಕಾರ್ಡ್ ಹಿಡಿದು ಹೊರಡಿ.