ವಾರ ನೋಡಿ ವರ್ಷ ಅಳೀಬೇಡಿ

ನಮಸ್ಕಾರ. ಇವತ್ತಿನ ಸಂಚಿಕೆಗೆ ಬೇರೆ ವಿಷಯ ತಯಾರಾಗಿತ್ತು, ಪಕ್ಕಕ್ಕಿಟ್ಟೆ. ಕಾರಣ ಒಂದು ವಾಯ್ಸ್ ಮೆಸೇಜು. ಕಳಿಸಿದೋರು ನಮ್ಮ ಕೇಳುಗರೇ, ಹಿರಿಯರು, ಇಲ್ಲೇ ಟೆಕ್ಸಾಸ್‌ನಲ್ಲಿರೋರು. ಅಲಬಾಮಾ ಯೂನಿವರ್ಸಿಟಿಯ ಹುಡುಗಿಯರು ದೊಡ್ಡ ಮನೆಯೊಂದರ ಬಾಗಿಲಲ್ಲಿ ಒತ್ತೊತ್ತಾಗಿ ನಿಂತು, ಚಪ್ಪಾಳೆ ತಟ್ಕೊಂಡು ಕಿರುಚೋ ರೀಲ್ ಒಂದನ್ನ ಕಳಿಸಿ ಹೇಳ್ತಾರೆ: "ನೋಡಮ್ಮಾ, ಇದೇ ಸೊರೊರಿಟಿ ಅಂದ್ರೆ. ದುಡ್ಡು ಕೊಟ್ಟು ಗೆಳತಿಯರನ್ನ ಕೊಂಡ್ಕೊಳ್ಳೋದು, ಕುಡಿಯೋದು, ಕುಣಿಯೋದು. ಈಗ ನಮ್ಮ ಕನ್ನಡದ ಮಕ್ಕಳೂ ಸೇರ್ತಿವೆ. ನೀನು ಇದರ ವಿರುದ್ಧ ಒಂದು ಎಪಿಸೋಡ್ ಮಾಡು."

ಎಪಿಸೋಡ್ ಮಾಡ್ತಿದೀನಿ ಸರ್. ಆದ್ರೆ ನಿಮ್ಮ ವಿರುದ್ಧ.

ಊರಲ್ಲಿ ಕೂತು ಕೇಳ್ತಿರೋರಿಗೆ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಸೊರೊರಿಟಿ ಅಂದ್ರೆ ಕಾಲೇಜು ಹುಡುಗಿಯರ ಸಂಘ. ಹೆಸರು ಗ್ರೀಕ್ ಅಕ್ಷರದಲ್ಲಿ. ದೇಶಕ್ಕೆಲ್ಲ ಒಂದು ಸಂಸ್ಥೆ, ಒಂದೊಂದು ಕಾಲೇಜಲ್ಲಿ ಒಂದೊಂದು ಚಾಪ್ಟರ್, ಅಂದ್ರೆ ಶಾಖೆ. ಹಳೇ ಸಂಸ್ಥೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು, 1902ರಲ್ಲಿ ಶುರುವಾದ ಒಂದು ಒಕ್ಕೂಟದಡಿ ಇವೆ. ಆ ಒಕ್ಕೂಟದ ಹೊರಗೂ ಬೇಕಾದಷ್ಟಿವೆ, ಅದಕ್ಕೆ ಆಮೇಲೆ ಬರ್ತೀನಿ.

ನಾನು ಹೇಳೋದು ಒಂದೇ. ನೀವು ನೋಡಿರೋದು ಆಗಸ್ಟ್ ತಿಂಗಳ ಒಂದು ವಾರ. ವರ್ಷಕ್ಕೆ 52 ವಾರ ಇವೆ. ಒಂದು ವಾರ ನೋಡಿ ಇಡೀ ವರ್ಷ ಅಳೀಬೇಡಿ.

ಹೊಸಬರನ್ನ ಆರಿಸ್ಕೊಳ್ಳೋ ಆ ವಾರಕ್ಕೆ ರಿಕ್ರೂಟ್‌ಮೆಂಟ್ ಅಂತಾರೆ, ರಷ್ ಅಂತಾರೆ. 2021ರ ಆಗಸ್ಟಲ್ಲಿ ಟಿಕ್‌ಟಾಕ್ ತುಂಬಾ ಅದೇ ಆಗಿತ್ತು. ಸೇರೋಕೆ ಬಂದ ಹುಡುಗಿ ಸುತ್ತಿನ ಮೇಲೆ ಸುತ್ತು ಚಾಪ್ಟರ್‌ಗಳ ಮನೆಮನೆಗೆ ಹೋಗಿ ಮಾತಾಡ್ತಾಳೆ. ಕೊನೆಗೆ ಅವಳು ಮನೆಗಳನ್ನ ಕ್ರಮವಾಗಿ ಬರೆದುಕೊಡ್ತಾಳೆ, ಮನೆಗಳು ಹುಡುಗಿಯರನ್ನ ಬರೆದುಕೊಡ್ತವೆ, ಎರಡನ್ನೂ ಕಂಪ್ಯೂಟರ್ ತಾಳೆ ಹಾಕತ್ತೆ. ಯಾರು ಯಾವ ಮನೆಗೆ ಅಂತ ಗೊತ್ತಾಗೋ ದಿನಕ್ಕೆ ಬಿಡ್ ಡೇ ಅಂತಾರೆ, ಆ ದಿನ ಅಲಬಾಮಾದಲ್ಲಿ ಎಲ್ಲರನ್ನೂ ಬ್ರಯಂಟ್-ಡೆನ್ನಿ ಫುಟ್ಬಾಲ್ ಸ್ಟೇಡಿಯಂನಲ್ಲಿ ಕೂರಿಸಿ ಲಕೋಟೆ ಕೊಡ್ತಾರೆ. ಒಡೆದು ನೋಡಿ, ಕಿರುಚಿ, ತಮ್ಮ ತಮ್ಮ ಮನೆ ಕಡೆ ಓಡ್ತಾರೆ. ರೀಲ್ ಅಲ್ಲಿಗೆ ಮುಗಿಯತ್ತೆ. ಯಾರೂ ಕರೆಯದೆ ಅಳ್ತಾ ರೂಮಿಗೆ ವಾಪಸ್ ಹೋದ ಹುಡುಗಿಯರೂ ಇರ್ತಾರೆ. ಅದು ನೋವಿನ ವಿಷಯ, ಒಪ್ತೀನಿ. ನಮ್ಮ ಸಿಇಟಿ ರಿಸಲ್ಟ್ ದಿನ ಯಾರೂ ಅಳಲ್ವಾ? ಮುಂದೆ ಹೋಗೋಣ.

ಓಡಿದ ಮಾರನೇ ದಿನದಿಂದ ಏನಾಗತ್ತೆ ಅಂತ ಕೇಳಿದೀರಾ ಯಾವತ್ತಾದ್ರೂ? ಅಲಬಾಮಾದಲ್ಲಿ ಒಂದೊಂದು ಚಾಪ್ಟರಲ್ಲಿ 300, 400 ಹುಡುಗಿಯರು. ವಾರಕ್ಕೊಂದು ಸಭೆ. ಹಾಜರಿ ಹಾಕ್ತಾರೆ, ತಪ್ಪಿಸಿದ್ರೆ ದಂಡ. ಮಾರ್ಕ್ಸ್ ಕಮ್ಮಿ ಆದ್ರೆ ಲೈಬ್ರರಿಯಲ್ಲಿ ಇಷ್ಟು ಗಂಟೆ ಕೂತು ಲೆಕ್ಕ ಒಪ್ಪಿಸ್ಬೇಕು. ಯಾರಾದ್ರೂ ನಿಯಮ ಮುರಿದ್ರೆ ವಿಚಾರಿಸೋಕೆ ಅವರದ್ದೇ ಮಂಡಳಿ ಇದೆ, ಎದುರು ಕೂತಿರೋರು ಪ್ರೊಫೆಸರ್‌ಗಳಲ್ಲ, 20 ವರ್ಷದ ಹುಡುಗಿಯರು.

ಆಮೇಲೆ ಹೋಮ್‌ಕಮಿಂಗ್, ಹಳೇ ವಿದ್ಯಾರ್ಥಿಗಳು ಕಾಲೇಜಿಗೆ ವಾಪಸ್ ಬರೋ ಹಬ್ಬ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನನಗೆ ಬಹಳ ಇಷ್ಟ. ಮನೆ ಮುಂದಿನ ಹುಲ್ಲಿನ ಮೇಲೆ ಆಳೆತ್ತರಕ್ಕಿಂತ ದೊಡ್ಡ ಚಿತ್ರ ನಿಲ್ಲಿಸ್ತಾರೆ. ಪೇಂಟ್ ಮಾಡೋದಲ್ಲ. ಮರದ ಚೌಕಟ್ಟಿಗೆ ಕೋಳಿಗೂಡಿಗೆ ಹಾಕೋ ತಂತಿ ಜಾಲರಿ ಬಿಗಿದು, ಟಿಶ್ಯೂ ಕಾಗದದ ಚೌಕಗಳನ್ನ ತಿರುಚಿ ಒಂದೊಂದು ತೂತಿಗೂ ಒಂದೊಂದು ತುರುಕ್ತಾರೆ. ಪಾಂಪ್ ಅಂತಾರೆ ಅದಕ್ಕೆ. ಸಾವಿರಾರು ತೂತು. ಕಡುಗೆಂಪು ಕಾಗದದ ಬಣ್ಣ ಬೆರಳಿಗೆ ಹತ್ತತ್ತೆ, ತಂತಿ ಗೀರತ್ತೆ, ಮಳೆ ಬಂದ್ರೆ ಟಾರ್ಪಾಲು ಹಿಡ್ಕೊಂಡು ಓಡ್ಬೇಕು. ಹೊಸದಾಗಿ ಸೇರಿದ ಹುಡುಗಿ, ಇನ್ನೂ ಯಾರ ಹೆಸರೂ ಗೊತ್ತಿಲ್ಲ, ನಾಲ್ಕು ರಾತ್ರಿ ಪಕ್ಕದಲ್ಲಿ ಕೂತು ಕಾಗದ ತುರುಕಿದ ಮೇಲೆ ಪಕ್ಕದೋಳ ಊರು, ಅಣ್ಣ ತಮ್ಮ, ಪರೀಕ್ಷೆ ಭಯ ಎಲ್ಲ ಗೊತ್ತಾಗಿರತ್ತೆ. ಇದನ್ನ ಕೊಂಡ್ಕೊಂಡ ಗೆಳೆತನ ಅಂತೀರಾ?

ದುಡ್ಡಿನ ವಿಷಯಕ್ಕೆ ಬರ್ತೀನಿ. ಹೌದು, ದೊಡ್ಡ ಮನೆ ಇರೋ ಚಾಪ್ಟರಲ್ಲಿ ಸೆಮಿಸ್ಟರ್‌ಗೆ ಸಾವಿರಾರು ಡಾಲರ್. ಅದರಲ್ಲಿ ಊಟ ಬಂತು, ಮನೆ ಖರ್ಚು ಬಂತು, ವಿಮೆ ಬಂತು, ರಾಷ್ಟ್ರೀಯ ಕಚೇರಿಯ ಪಾಲು ಬಂತು. ಎಲ್ಲರ ಕೈಗೂ ಎಟುಕೋ ಮೊತ್ತ ಅಲ್ಲ, ಅದು ನನಗೂ ಸಿಟ್ಟಿನ ವಿಷಯವೇ. ಆದ್ರೆ "ದುಡ್ಡು ಕೊಟ್ಟು ಸ್ನೇಹ" ಅನ್ನೋ ಮಾತು ಇದೆಯಲ್ಲ, ಅದನ್ನ ಹೇಳೋರು ಯಾರು? ವರ್ಷಾವರ್ಷ ಕನ್ನಡ ಕೂಟಕ್ಕೆ ಮೆಂಬರ್‌ಶಿಪ್ ಕಟ್ಟಿ, ಯುಗಾದಿಗೆ ಹೋಳಿಗೆ ತಿಂದು, ರಾಜ್ಯೋತ್ಸವಕ್ಕೆ ಶಾಲು ಹೊದ್ದು, ಕಮಿಟಿ ಎಲೆಕ್ಷನ್ನಿಗೆ ಎರಡು ಬಣ ಮಾಡ್ಕೊಂಡು ಮಾತು ಬಿಟ್ಟೋರು! ಕೂಟದಲ್ಲಿ ನಿಮಗೆ ಸಿಕ್ಕ ಗೆಳೆಯರು ಅಂಗಡಿಯಿಂದ ತಂದೋರಾ ಸರ್? ಪರದೇಶದಲ್ಲಿ ಒಂಟಿಯಾಗಿದ್ರಿ, ಚಂದಾ ಕಟ್ಟಿ ಒಂದು ಬಳಗ ಕಟ್ಕೊಂಡ್ರಿ. ಒಳ್ಳೇದೇ ಮಾಡಿದ್ರಿ. 18ನೇ ವಯಸ್ಸಲ್ಲಿ ಮೊದಲ ಸಲ ಮನೆ ಬಿಟ್ಟು ಹೋದ ನಮ್ಮ ಕನ್ನಡದ ಹುಡುಗಿಯೂ ಅದನ್ನೇ ಮಾಡಿದ್ಲು. ವಾರ ನೋಡಿ ವರ್ಷ ಅಳೀಬೇಡಿ ಸರ್.

ಮಧ್ಯದಲ್ಲಿ ಒಂದು ಮಾತು, ಇನ್ನೂ ಸಬ್‌ಸ್ಕ್ರೈಬ್ ಆಗದೆ ಕೇಳ್ತಿರೋರು ಈಗಲೇ ಆಗಿ. ಈ ಕಾರ್ಯಕ್ರಮ ನಡೀತಿರೋದು ನಿಮ್ಮಿಂದ. ಈ ವಿಷಯದ ಮೇಲೆ ಮೆಂಬರ್‌ಗಳಿಗೆ ಪ್ರತ್ಯೇಕ ಸಂದರ್ಶನ ಬರ್ತಿದೆ, ಒಂದು ಗಂಟೇದು, ಬಹಳ ಚೆನ್ನಾಗಿ ಬಂದಿದೆ.

ಕುಡಿಯೋದು ಅಂದ್ರಿ. ಆ ಒಕ್ಕೂಟದ ಹೆಚ್ಚಿನ ಸಂಸ್ಥೆಗಳ ಮನೆಯೊಳಗೆ ಮದ್ಯ ತರೋ ಹಾಗಿಲ್ಲ, ಗೊತ್ತಾ ನಿಮಗೆ? ಹೊರಗೆ ಹೋಗಿ ಕುಡಿಯಲ್ವಾ ಅಂತೀರಿ. ಕುಡೀತಾರೆ, ಕೆಲವರು. ಯಾವ ಸಂಘಕ್ಕೂ ಸೇರದ ಹುಡುಗರೂ ಕುಡೀತಾರೆ.

ಹೇಜಿಂಗ್ ಅಂತ ಒಬ್ಬರು ಹೋದ ತಿಂಗಳೇ ಕೇಳಿದ್ರು. ಹೊಸಬರಿಗೆ ಕೊಡೋ ಹಿಂಸೆ, ನಮ್ಮ ರ‍್ಯಾಗಿಂಗ್ ಥರ. ಅದು ಅಪರಾಧ, ಮಾಡಿದೋರು ಶಿಕ್ಷೆ ಅನುಭವಿಸ್ಬೇಕು, ಅದರಲ್ಲಿ ಎರಡು ಮಾತಿಲ್ಲ. 2024ರ ಡಿಸೆಂಬರಲ್ಲಿ ಇಲ್ಲಿ ಕೇಂದ್ರ ಸರ್ಕಾರದ ಕಾನೂನೇ ಬಂತು, ಯಾವ ಸಂಘ ತಪ್ಪು ಮಾಡಿದೆ ಅಂತ ಕಾಲೇಜುಗಳು ಬಹಿರಂಗವಾಗಿ ಹಾಕ್ಬೇಕು. ಮಗಳನ್ನ ಕಳಿಸೋ ಮುಂಚೆ ಆ ವರದಿ ಓದಿ. ರೀಲ್ ನೋಡೋ ಬದಲು ಅದನ್ನ ಓದಿ!

ಇನ್ನು ಜನಾಂಗ ಭೇದ. ಇದನ್ನ ಮುಚ್ಚಿಡಲ್ಲ. ಅದೇ ಅಲಬಾಮಾದಲ್ಲಿ 2013ರ ಸೆಪ್ಟೆಂಬರಲ್ಲಿ ವಿದ್ಯಾರ್ಥಿಗಳೇ ನಡೆಸೋ ಕ್ರಿಮ್ಸನ್ ವೈಟ್ ಪತ್ರಿಕೆ ಬಯಲು ಮಾಡ್ತು: ಎಲ್ಲ ಅರ್ಹತೆ ಇದ್ದ ಕಪ್ಪು ಹುಡುಗಿಯನ್ನ ಬಿಳಿಯರ ಸೊರೊರಿಟಿಗಳು ಸೇರಿಸ್ಕೊಳ್ಳದೆ ಕೈಬಿಟ್ಟಿದ್ವು. 1963ರಲ್ಲಿ ಗವರ್ನರ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನ ತಡೆಯೋಕೆ ಅದೇ ಯೂನಿವರ್ಸಿಟಿ ಬಾಗಿಲಲ್ಲಿ ಅಡ್ಡ ನಿಂತಿದ್ದ. 50 ವರ್ಷ ಆದ್ಮೇಲೂ ಇದು! ಆದ್ರೆ ಅಡ್ಡ ಬಂದೋರು ಹಳೇ ಸದಸ್ಯೆಯರು ಅಂತ ಪತ್ರಿಕೆಗೆ ಹೇಳಿದ್ದು ಯಾರು? ಚಾಪ್ಟರ್ ಒಳಗಿದ್ದ ಹುಡುಗಿಯರೇ. ಹಿರಿಯರ ಎದುರು ನಿಂತು ಹೇಳಿದ್ರು. ವಿದ್ಯಾರ್ಥಿಗಳು ಮೆರವಣಿಗೆ ಹೊರಟ್ರು, ಬಾಗಿಲು ತೆರೀತು. ನಮ್ಮ ಎಷ್ಟು ಸಂಘ, ಎಷ್ಟು ಮಠ, ಎಷ್ಟು ಹಾಸ್ಟೆಲ್‌ಗಳಲ್ಲಿ ಒಳಗಿನ ಮಕ್ಕಳು ಹೀಗೆ ಬಾಯಿ ಬಿಟ್ಟಿದಾರೆ, ಹೇಳಿ ನೋಡೋಣ.

ಬಾಗಿಲು ಮುಚ್ಚಿದಾಗ ಕಪ್ಪು ಹೆಣ್ಣುಮಕ್ಕಳು ಕೈಕಟ್ಟಿ ಕೂರ್ಲಿಲ್ಲ. ತಮ್ಮದೇ ಕಟ್ಟಿದ್ರು. 1908, ಹೊವಾರ್ಡ್ ಯೂನಿವರ್ಸಿಟಿ, ಆಲ್ಫಾ ಕಪ್ಪಾ ಆಲ್ಫಾ. 1913, ಅಲ್ಲೇ, ಡೆಲ್ಟಾ ಸಿಗ್ಮಾ ಥೀಟಾ. ಈ ಡೆಲ್ಟಾ ಹುಡುಗಿಯರು ಜನವರಿಯಲ್ಲಿ ಸಂಘ ಕಟ್ಟಿ ಮಾರ್ಚ್ 3ಕ್ಕೆ ವಾಷಿಂಗ್ಟನ್ ಬೀದಿಯಲ್ಲಿ ಹೆಂಗಸರ ಮತದ ಹಕ್ಕಿನ ಮೆರವಣಿಗೆಯಲ್ಲಿ ನಡೆದ್ರು! ಎರಡೇ ತಿಂಗಳು. ಕಮಲಾ ಹ್ಯಾರಿಸ್ 1986ರಲ್ಲಿ ಹೊವಾರ್ಡ್‌ನಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿದ್ರು. 2020ರಲ್ಲಿ ಅವರು ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ ಆ ಸೋದರಿಯರು ಕಳಿಸಿದ ದೇಣಿಗೆ ಎಷ್ಟು ಗೊತ್ತಾ? ತಲಾ 19 ಡಾಲರ್ 08 ಸೆಂಟ್. ಸಂಘ ಹುಟ್ಟಿದ ವರ್ಷ. ಕಾಲೇಜು ಬಿಟ್ಟು ಎಷ್ಟೋ ದಶಕ ಆಗಿರೋ ಅಜ್ಜಿಯರೂ ಅದರಲ್ಲಿದ್ರು.

ನಮ್ಮೋರೂ ಕಟ್ಟಿದಾರೆ. 1998ರಲ್ಲೇ, ಒಂದೇ ವರ್ಷದಲ್ಲಿ, ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕ್‌ನಲ್ಲಿ ಸಿಗ್ಮಾ ಸಿಗ್ಮಾ ರೋ ಶುರು ಮಾಡಿದ್ರು.

ನನ್ನ ಅಕ್ಕನ ಮಗಳು ಇಂಥದ್ದೇ ಒಂದು ಪುಟ್ಟ ಚಾಪ್ಟರಿನ ಖಜಾಂಚಿ. ಬಂಗಲೆ ಇಲ್ಲ, ಕಂಬ ಇಲ್ಲ, ಲೈಬ್ರರಿಯ ಒಂದು ರೂಮು ಬುಕ್ ಮಾಡಿ ಸಭೆ. ನವೆಂಬರಲ್ಲಿ ಚುನಾವಣೆಗೆ ನಿಂತು, ಭಾಷಣ ಮಾಡಿ ಗೆದ್ದು, ಹಿಂದಿನ ಖಜಾಂಚಿಯಿಂದ ಲೆಕ್ಕ ವಹಿಸ್ಕೊಂಡ್ಲು. ಮಾರ್ಚಲ್ಲಿ ನಮ್ಮನೆಗೆ ಬಂದಾಗ ರಾತ್ರಿ ಹನ್ನೊಂದಕ್ಕೆ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ಲು. ಸಹಾಯನಿಧಿ ಕಾರ್ಯಕ್ರಮದ ಲೆಕ್ಕ. ಹಾಲ್ ಬಾಡಿಗೆ, ಮುಂಗಡ ಎಷ್ಟು ವಾಪಸ್ ಬರಬೇಕು, ಸೆಕ್ಯುರಿಟಿಯವರ ಗಂಟೆ ಲೆಕ್ಕ, ಸಮೋಸ ಟ್ರೇ ಎಷ್ಟು, ಉಳಿದಿದ್ದೆಷ್ಟು. ಒಂದು ಸಾಲಿಗೆ ಮಾತ್ರ ಹೆಸರಿರಲಿಲ್ಲ. ಇದೇನೇ ಅಂದೆ. "ಚಿಕ್ಕಮ್ಮಾ, ಒಬ್ಬಳ ಅಪ್ಪನ ಕೆಲಸ ಹೋಗಿದೆ. ಚಂದಾ ಕಂತು ಮಾಡಿಕೊಟ್ಟಿದೀನಿ. ಸಭೇಲಿ ಲೆಕ್ಕ ಓದೋವಾಗ ಗೊತ್ತಾಗ್ಬಾರ್ದು ಅಂತ ಹೆಸರು ತೆಗ್ದೆ" ಅಂದ್ಲು. ಇಪ್ಪತ್ತು ವರ್ಷ ಕಣ್ರೀ ಅವಳಿಗೆ! ಯಾವ ಕ್ಲಾಸಲ್ಲಿ ಕಲಿಸ್ತಾರೆ ಇದನ್ನ? ಯಾವ ರೀಲಲ್ಲಿ ಬರತ್ತೆ ಇದು?

ನಾನು ಊರಲ್ಲಿ ಹಾಸ್ಟೆಲಲ್ಲಿದ್ದೋಳು. ಸಂಜೆ ಏಳಕ್ಕೆ ಗೇಟು. ಯಾಕೆ ಏಳು, ಯಾಕೆ ಏಳೂವರೆ ಆಗಲ್ಲ ಅಂತ ಕೇಳೋಕೆ ನಮ್ಮ ಕಡೆಯಿಂದ ಒಬ್ಬ ಪ್ರತಿನಿಧಿ ಇರಲಿಲ್ಲ. ಊಟದ ಬಿಲ್ಲು ಹೇಗೆ ಏರ್ತು ಅಂತ ಲೆಕ್ಕ ತೋರಿಸಲಿಲ್ಲ. ವಾರ್ಡನ್ ಹೇಳಿದ್ದೇ ಶಾಸನ. ಇಲ್ಲಿ ಅದೇ ವಯಸ್ಸಿನ ಹುಡುಗಿಯರು ನಿಯಮ ತಾವೇ ಮಾಡ್ತಾರೆ, ತಾವೇ ಓಟು ಹಾಕ್ತಾರೆ, ಬಜೆಟ್ ತಾವೇ ಒಪ್ತಾರೆ, ಜಗಳ ತಾವೇ ಬಗೆಹರಿಸ್ತಾರೆ. ಟ್ರೈ ಡೆಲ್ಟಾ ಅನ್ನೋ ಸೊರೊರಿಟಿಯ ಹುಡುಗಿಯರು 1999ರಿಂದ ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ ನಿಧಿ ಎತ್ತುತ್ತಿದಾರೆ, ರಾತ್ರಿ ಹೊತ್ತು ಪ್ಯಾನ್‌ಕೇಕ್ ಹುಯ್ದು ಮಾರಿ! ಏಪ್ರಿಲ್ ಕೊನೆಗೆ ಸೀನಿಯರ್‌ಗಳನ್ನ ಕಳಿಸಿಕೊಡ್ತಾರೆ, ಮುಂದಿನ ಆಗಸ್ಟಿಗೆ ಮತ್ತೆ ಬಾಗಿಲಲ್ಲಿ ನಿಂತು ಕಿರುಚ್ತಾರೆ. ಕಿರುಚ್ಲಿ ಬಿಡಿ! ವರ್ಷವೆಲ್ಲ ದುಡಿದಿದಾರೆ, ಒಂದು ವಾರ ಕಿರುಚೋ ಹಕ್ಕಿಲ್ವಾ ಅವರಿಗೆ?

ಹುಡುಗಿಯರು ಒಟ್ಟಿಗೆ ನಗ್ತಿದ್ರೆ ನಿಮಗೆ ಯಾಕೆ ಸರ್ ಹೊಟ್ಟೇಲಿ ಸಂಕಟ? ಗಂಡು ಹುಡುಗರ ಫ್ರೆಟರ್ನಿಟಿ ರೀಲ್ ಯಾಕೆ ಕಳಿಸ್ಲಿಲ್ಲ ನನಗೆ? ಅವರ ಮನೆಗಳಲ್ಲಿ ಬಿಯರ್ ಹರಿಯೋದು ಕಾಣಲ್ವಾ? ಕಾಣತ್ತೆ. ಆದ್ರೆ ಮಗಳು ಚಪ್ಪಾಳೆ ತಟ್ಟಿದ್ರೆ ಮಾತ್ರ ಸಂಸ್ಕೃತಿ ಕುಸಿಯತ್ತೆ, ಅಲ್ವಾ? ವಾರ ನೋಡಿ ವರ್ಷ ಅಳೀಬೇಡಿ. ಇದನ್ನ ನಾನು ಇನ್ನೂ ನೂರು ಸಲ ಹೇಳ್ತೀನಿ, ಮುಂದಿನ ಸಂಚಿಕೆಯಲ್ಲೂ ಹೇಳ್ತೀನಿ.

ಭಾನುವಾರ ಲೈವ್ ಇದೆ, ಇಲ್ಲಿನ ಬೆಳಿಗ್ಗೆ ಒಂಬತ್ತಕ್ಕೆ. ನನ್ನ ಅಕ್ಕನ ಮಗಳು ಬರ್ತಿದಾಳೆ, ಅವಳ ಜೊತೆ ಇನ್ನಿಬ್ಬರು ಪದಾಧಿಕಾರಿಗಳೂ ಇರ್ತಾರೆ. ಚಂದಾ ಎಷ್ಟು, ಓದಿಗೆ ಟೈಮ್ ಸಿಗತ್ತಾ, ಹೊಸಬರನ್ನ ಹೇಗೆ ನೋಡ್ಕೋತಾರೆ, ಏನು ಬೇಕಾದ್ರೂ ಕೇಳಿ, ಖಾರವಾಗೇ ಕೇಳಿ, ಅವರು ಉತ್ತರ ಕೊಡ್ತಾರೆ. "ಮದುವೆಗೆ ನೋಡ್ತಿದೀರಾ" ಅಂತ ಕೇಳಿದೋರನ್ನ ಮಾತ್ರ ಅಲ್ಲೇ ಬ್ಲಾಕ್ ಮಾಡ್ತೀನಿ.