ಎದುರು ತಂಡದವರು ಯಾಕೆ ಒಪ್ಪಬೇಕು?

ಎಲ್ಲರಿಗೂ ನಮಸ್ಕಾರ.

ಐಸ್ ಹಾಕಿ ನೋಡುವವರಿಗೆ, ಅದರಲ್ಲೂ ಕೆನಡಾಕ್ಕೆ ಬಂದು, ಕೆನಡಾ-ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಹುಚ್ಚು ಹತ್ತಿಸಿಕೊಂಡ ನಮ್ಮವರಿಗೆ, ಟ್ರೇಡ್ ಬಗ್ಗೆ ಮಾತಾಡೋದು ಅಂದರೆ ಬಹಳ ಖುಷಿ. 'ನಮ್ಮವರು ಇಬ್ಬರನ್ನು ಕೊಡೋಣ, ಅವರ ಸ್ಟಾರ್ ಆಟಗಾರನನ್ನು ಕರೆದುಕೊಂಡು ಬರೋಣ' ಅಂತ ಊಟಕ್ಕೆ ಕೂತಲ್ಲೇ ಪ್ರಸ್ತಾವ ಸಿದ್ಧವಾಗುತ್ತದೆ. ಅದರಲ್ಲಿ ನಮಗೆ ಏನು ಬೇಕು ಅನ್ನೋದು ಸ್ಪಷ್ಟವಾಗಿರುತ್ತದೆ. ಎದುರು ತಂಡದವರು ಯಾಕೆ ಒಪ್ಪಬೇಕು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ಇವತ್ತಿನ ನನ್ನ ಮಾತು ಪೂರ್ತಿ ಆ ಪ್ರಶ್ನೆಯ ಸುತ್ತಲೇ.

ಐಪಿಎಲ್ ನೋಡುವವರಿಗೆ ಟ್ರೇಡ್ ಹೊಸದೇನಲ್ಲ. 2023ರ ನವೆಂಬರ್‌ನಲ್ಲಿ ನಮ್ಮ ದೇವದತ್ತ ಪಡಿಕ್ಕಲ್ ರಾಜಸ್ಥಾನ ತಂಡದಿಂದ ಲಖನೌಗೆ ಹೋದರು. ಅವರ ಬದಲಿಗೆ ಆವೇಶ್ ಖಾನ್ ರಾಜಸ್ಥಾನಕ್ಕೆ ಬಂದರು. ಒಬ್ಬ ಬ್ಯಾಟರ್, ಒಬ್ಬ ವೇಗದ ಬೌಲರ್, ಲೆಕ್ಕ ಮುಗಿಯಿತು. ಎನ್‌ಎಚ್‌ಎಲ್‌ನಲ್ಲಿ ಇದರ ಜತೆಗೆ ಇನ್ನೊಂದು ವಸ್ತು ಕೈ ಬದಲಾಗುತ್ತದೆ. ಅದು ಡ್ರಾಫ್ಟ್ ಪಿಕ್, ಅಂದರೆ ಮುಂದೆ ಬರುವ ಹುಡುಗರನ್ನು ಆರಿಸಿಕೊಳ್ಳುವ ಸರದಿ. ವರ್ಷಕ್ಕೊಮ್ಮೆ ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುತ್ತವೆ. ಸೋತು ಕೆಳಗೆ ಬಿದ್ದ ತಂಡಗಳಿಗೆ ಮೊದಲ ಸರದಿಗಳು ಸಿಗುತ್ತವೆ. ಆ ಸರದಿಯನ್ನೂ ಟ್ರೇಡ್‌ನಲ್ಲಿ ಕೊಡಬಹುದು.

ಈಗ ಎರಿಕ್ ಲಿಂಡ್ರೋಸ್ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ, ಟ್ರೇಡ್ ಪ್ರಸ್ತಾವ ಅಂದರೆ ಏನು ಅಂತ ಕಲಿಯೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಕೆನಡಾದ ಕ್ವಿಬೆಕ್ ನಾರ್ಡಿಕ್ಸ್ ತಂಡ ಆಗ ಪಾತಾಳ ಕಂಡಿತ್ತು. ಮೂರು ವರ್ಷ ಸತತವಾಗಿ ಡ್ರಾಫ್ಟ್‌ನ ಮೊದಲ ಸರದಿ ಅವರದೇ. 1989ರಲ್ಲಿ ಮ್ಯಾಟ್ಸ್ ಸುಂಡಿನ್, 1990ರಲ್ಲಿ ಓವನ್ ನೋಲನ್, 1991ರಲ್ಲಿ ಲಿಂಡ್ರೋಸ್. ಲಿಂಡ್ರೋಸ್ ಆಳೆತ್ತರದ ಹುಡುಗ, ಬಲ ಇತ್ತು, ಕೈಚಳಕವೂ ಇತ್ತು. ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿ ಆದಮೇಲೆ ಇವನೇ ಅಂತ ಜನ ನಂಬಿದ್ದರು. ಆದರೆ ಕ್ವಿಬೆಕ್‌ಗೆ ಆಡುವುದಿಲ್ಲ ಅಂತ ಅವನು ಮೊದಲೇ ಹೇಳಿದ್ದ. ಆದರೂ ಅವರು ಆರಿಸಿದರು. ಡ್ರಾಫ್ಟ್ ವೇದಿಕೆಯ ಮೇಲೆ ಅವನು ತಂಡದ ಜೆರ್ಸಿಯನ್ನೇ ತೊಡಲಿಲ್ಲ. ಫ್ರೆಂಚ್ ಮಾತಾಡುವ ಆ ಊರಿನವರಿಗೆ ಎಷ್ಟು ನೋವಾಗಿರಬೇಕು, ಯೋಚಿಸಿ. ಒಂದು ವರ್ಷ ಪೂರ್ತಿ ಅವನು ಜೂನಿಯರ್ ತಂಡದಲ್ಲಿ, ಕೆನಡಾದ ರಾಷ್ಟ್ರೀಯ ತಂಡದಲ್ಲಿ ಆಡಿಕೊಂಡಿದ್ದ. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯನ್ನೂ ಗೆದ್ದ. ಇತ್ತ ಕ್ವಿಬೆಕ್‌ಗೆ ಅವಧಿ ಮೀರುತ್ತಿತ್ತು. ಎರಡು ವರ್ಷದೊಳಗೆ ಒಪ್ಪಂದ ಆಗದಿದ್ದರೆ ಅವನು ಮತ್ತೆ ಡ್ರಾಫ್ಟ್‌ಗೆ ಹೋಗುತ್ತಿದ್ದ. ಕ್ವಿಬೆಕ್ ಕೈಗೆ ಏನೂ ಸಿಗುತ್ತಿರಲಿಲ್ಲ.

1992ರ ಜೂನ್. ಮಾಂಟ್ರಿಯಲ್‌ನಲ್ಲಿ ಡ್ರಾಫ್ಟ್. ಕ್ವಿಬೆಕ್ ತಂಡದ ಅಧ್ಯಕ್ಷ ಮಾರ್ಸೆಲ್ ಒಬು ಫಿಲಡೆಲ್ಫಿಯಾ ಫ್ಲೈಯರ್ಸ್ ಜತೆ ಮಾತಾಡಿ ಲಿಂಡ್ರೋಸ್‌ನನ್ನು ಕೊಡಲು ಒಪ್ಪಿದರು. ಅವನ ಜತೆ ಮಾತಾಡಲು ಫೋನ್ ನಂಬರ್ ಕೂಡ ಕೊಟ್ಟರು. ಆಮೇಲೆ ನ್ಯೂಯಾರ್ಕ್ ರೇಂಜರ್ಸ್ ಜತೆಗೂ ಒಪ್ಪಂದ ಮಾಡಿಕೊಂಡರು! ಒಬ್ಬ ಆಟಗಾರ, ಎರಡು ತಂಡ, ಇಬ್ಬರೂ ನಮ್ಮವನು ಅನ್ನುತ್ತಿದ್ದಾರೆ. ಲೀಗ್ ಈ ಜಗಳವನ್ನು ಟೊರೊಂಟೊದ ವಕೀಲ ಲ್ಯಾರಿ ಬರ್ಟುಜಿ ಅವರಿಗೆ ಒಪ್ಪಿಸಿತು. ಜೂನ್ 30ರಂದು ಅವರು ತೀರ್ಪು ಕೊಟ್ಟರು: ಮೊದಲು ಆದ ಫಿಲಡೆಲ್ಫಿಯಾ ಒಪ್ಪಂದವೇ ಸರಿ. ಆ ಫೋನ್ ನಂಬರ್ ಕೊಟ್ಟದ್ದು ತೀರ್ಪಿನಲ್ಲಿ ದೊಡ್ಡ ಸಾಕ್ಷಿಯಾಯಿತು. ಮಾತು ಮುಗಿಯದೆ ಯಾರೂ ತಮ್ಮ ಆಟಗಾರನ ಜತೆ ಬೇರೆ ತಂಡವನ್ನು ಮಾತಾಡಲು ಬಿಡುವುದಿಲ್ಲ ಅಲ್ವಾ? ನನಗೂ ತೀರ್ಪು ಸರಿ ಅನಿಸುತ್ತದೆ. ಮಾತಿನ ಮೇಲೆ ನಡೆಯುವ ವ್ಯವಹಾರದಲ್ಲಿ, ಒಪ್ಪಿದ ಮೇಲೆ ಜಾಸ್ತಿ ಕೊಡುವವರ ಕಡೆ ತಿರುಗಿದರೆ ನಾಳೆ ಯಾರು ನಿಮ್ಮ ಫೋನ್ ಎತ್ತುತ್ತಾರೆ?

ಫಿಲಡೆಲ್ಫಿಯಾ ಏನೇನು ಕೊಟ್ಟಿತು ನೋಡಿ. ಗೋಲಿ, ಅಂದರೆ ಗೋಲ್ ಕೀಪರ್, ರಾನ್ ಹೆಕ್ಸ್‌ಟಾಲ್. ಡಿಫೆನ್ಸ್ ಆಟಗಾರರಾದ ಸ್ಟೀವ್ ಡುಶೇನ್, ಕೆರ್ರಿ ಹಫ್‌ಮನ್. ಸೆಂಟರ್ ಮೈಕ್ ರಿಚಿ. ಸ್ವೀಡನ್‌ನಲ್ಲಿ ಇನ್ನೂ ಆಡಿಕೊಂಡಿದ್ದ ಪೀಟರ್ ಫೋರ್ಸ್‌ಬರ್ಗ್. ಆಮೇಲೆ ಕ್ರಿಸ್ ಸೈಮನ್. 1993 ಮತ್ತು 1994ರ ಮೊದಲ ಸುತ್ತಿನ ಪಿಕ್‌ಗಳು. ಇದರ ಮೇಲೆ ಒಂದೂವರೆ ಕೋಟಿ ಡಾಲರ್.

ಸುಮ್ನೆ ನೋಡಿದರೆ ಅತಿಯಾಯಿತು ಅನಿಸುತ್ತದೆ. ಆದರೆ ಕ್ವಿಬೆಕ್ ಜಾಗದಲ್ಲಿ ಕೂತು ನೋಡಿ. ಅವರ ಹತ್ತಿರ ಸುಂಡಿನ್, ನೋಲನ್, ಜೋ ಸಾಕಿಕ್ ಇದ್ದರು. ಗೋಲು ಹೊಡೆಯುವ ಹುಡುಗರಿಗೆ ಬರ ಇರಲಿಲ್ಲ. ಅನುಭವ ಇರುವ ಗೋಲಿ ಬೇಕಿತ್ತು, ಹಿಂದೆ ನಿಂತು ಪಕ್ (ಆಟದ ಬಿಲ್ಲೆ) ಮುಂದೆ ದಾಟಿಸುವವರು ಬೇಕಿತ್ತು. ಡುಶೇನ್ ಅಂತೂ ಕ್ವಿಬೆಕ್ ಪ್ರಾಂತದಲ್ಲೇ ಹುಟ್ಟಿದವರು. ಫಿಲಡೆಲ್ಫಿಯಾ ಕೊಟ್ಟದ್ದು ಬಹುಪಾಲು ಆ ಹಳ್ಳಗಳಿಗೆ ಸರಿಯಾಗಿ ಕೂರುತ್ತಿತ್ತು. 1991-92ರಲ್ಲಿ 52 ಅಂಕ ಪಡೆದಿದ್ದ ಕ್ವಿಬೆಕ್ ಮರುವರ್ಷ 104 ಅಂಕ ಪಡೆಯಿತು. ಸರಿಯಾಗಿ ಎರಡು ಪಟ್ಟು.

1993ರ ಪಿಕ್‌ನಲ್ಲಿ ಕ್ವಿಬೆಕ್ ಆರಿಸಿದ್ದು ಗೋಲಿ ಜೋಸಲಿನ್ ತಿಬೋ ಅವರನ್ನು. 1995ರ ಡಿಸೆಂಬರ್‌ನಲ್ಲಿ ತಿಬೋ ಮತ್ತಿಬ್ಬರನ್ನು ಮಾಂಟ್ರಿಯಲ್‌ಗೆ ಕೊಟ್ಟು, ಪ್ಯಾಟ್ರಿಕ್ ರುವಾ ಮತ್ತು ಮೈಕ್ ಕೀನ್ ಅವರನ್ನು ತಂದರು. 1996ರಲ್ಲಿ ಫೋರ್ಸ್‌ಬರ್ಗ್, ರುವಾ, ಸಾಕಿಕ್ ಸೇರಿ ಲೀಗ್ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದರು. ಆದರೆ ಅಷ್ಟರಲ್ಲಿ ತಂಡವೇ ಕ್ವಿಬೆಕ್ ಬಿಟ್ಟು ಡೆನ್ವರ್‌ಗೆ ಹೋಗಿ ಕೊಲರಾಡೊ ಅವಲಾಂಚ್ ಆಗಿತ್ತು. ಕೆಟ್ಟ ವರ್ಷಗಳನ್ನೆಲ್ಲ ಸಹಿಸಿಕೊಂಡ ಊರಿಗೆ ಕಪ್ ಸಿಗಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ.

ಹಾಗಂತ ಫಿಲಡೆಲ್ಫಿಯಾ ಮೋಸ ಹೋಯಿತು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಲಿಂಡ್ರೋಸ್ 1995ರಲ್ಲಿ ಲೀಗ್‌ನ ಅತ್ಯಂತ ಮೌಲ್ಯದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದರು. 1997ರಲ್ಲಿ ತಂಡವನ್ನು ಫೈನಲ್‌ಗೆ ಒಯ್ದರು. ತಲೆಗೆ ಬಿದ್ದ ಪೆಟ್ಟುಗಳು ಅವರ ಆಟವನ್ನು ಮೊಟಕು ಮಾಡಿದವು. ಅದನ್ನು 1992ರಲ್ಲಿ ಯಾರು ಊಹಿಸಬಹುದಿತ್ತು? ಕೊನೆಗೆ 2001ರಲ್ಲಿ ಅವರು ಇನ್ನೊಂದು ಟ್ರೇಡ್‌ನಲ್ಲಿ ರೇಂಜರ್ಸ್ ತಂಡಕ್ಕೇ ಹೋದರು.

ಇವತ್ತು ಇಂಥದ್ದೇ ಪ್ರಸ್ತಾವ ಬರೆಯಲು ಕೂತರೆ ಲೆಕ್ಕ ಬೇರೆ. ಆಟಗಾರನ ಬದಲು ದುಡ್ಡು ಕೊಡುವಂತಿಲ್ಲ. 2005ರಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. 2025-26ರಲ್ಲಿ ಅದು 9 ಕೋಟಿ 55 ಲಕ್ಷ ಡಾಲರ್. ಒಂದು ಕೋಟಿ ಡಾಲರ್ ಸಂಬಳದವನನ್ನು ಕೇಳುತ್ತೀರಾದರೆ, ಅಷ್ಟು ಜಾಗ ನಿಮ್ಮ ಲೆಕ್ಕದಲ್ಲಿ ಖಾಲಿ ಇರಬೇಕು. ಕಳಿಸುವ ತಂಡ ಸಂಬಳದ ಅರ್ಧದವರೆಗೆ ತಾನೇ ಹೊರಬಹುದು, ಆದರೆ ಅದನ್ನು ಯಾರೂ ಪುಕ್ಕಟೆ ಮಾಡುವುದಿಲ್ಲ. ಅದಕ್ಕೊಂದು ಪಿಕ್ ಕೇಳುತ್ತಾರೆ. ದೊಡ್ಡ ಆಟಗಾರರ ಒಪ್ಪಂದದಲ್ಲಿ, ತನ್ನ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡಬಾರದು ಅನ್ನುವ ಷರತ್ತೂ ಇರಬಹುದು. ಎರಡು ತಂಡಗಳು ಒಪ್ಪಿದರೂ ಅವನು ಬೇಡ ಅಂದರೆ ಮುಗಿಯಿತು. ಲಿಂಡ್ರೋಸ್ ಹಟ ಹಿಡಿದು ಪಡೆದದ್ದನ್ನು ಇಂದಿನವರು ಕಾಗದದ ಮೇಲೆ ಬರೆಸಿಕೊಳ್ಳುತ್ತಾರೆ. ಇದು ಒಳ್ಳೆಯದೇ. ಟ್ರೇಡ್ ಆದ ದಿನ ಮನೆ ಖಾಲಿ ಮಾಡಿ, ಮಕ್ಕಳ ಶಾಲೆ ಬದಲಿಸಬೇಕಾದವನು ಅವನು ತಾನೆ?

ಈಗ ನಿಮ್ಮ ಪ್ರಸ್ತಾವಗಳನ್ನು ಕೇಳೋಣ. ಆಟಗಾರನ ಹೆಸರಿನ ಜತೆ ಅವನ ಸಂಬಳ, ಒಪ್ಪಂದದಲ್ಲಿ ಉಳಿದ ವರ್ಷ, ಎದುರು ತಂಡದಲ್ಲಿ ಅವನ ಜಾಗಕ್ಕೆ ಯಾರು ಬರುತ್ತಾರೆ, ಇಷ್ಟನ್ನೂ ಹೇಳಿ. ಮುಂದಿನ ಸಾಲಿನಿಂದಲೇ ಶುರು ಮಾಡೋಣ.